‘ವೈನ್ಸ್’ ಬೋರ್ಡಿನ ಊರಲ್ಲಿ ದ್ರಾಕ್ಷಾರಸದ ಮಾತು

ಬಳ್ಳಾರಿ ಪೇಟೆಯಲ್ಲಿ ಒಂದು ಸುತ್ತು ಹಾಕಿ, ಬೋರ್ಡುಗಳ ಮೇಲೆ ಪದೇ ಪದೇ ಕಣ್ಣಿಗೆ ಬೀಳುವ ಇಂಗ್ಲಿಷ್ ಪದಗಳನ್ನು ಎಣಿಸಿ. ‘ಜೀನ್ಸ್’ಗೆ ಮೊದಲ ಸ್ಥಾನ ಸಿಕ್ಕೀತು. ಎರಡನೆಯದು ಬಹುಶಃ ‘ವೈನ್ಸ್’. ದೇವರ ಹೆಸರಿಗೊಂದು ‘ವೈನ್ಸ್’, ಮನೆಮಗಳ ಹೆಸರಿಗೊಂದು ‘ವೈನ್ಸ್’. ಒಳಗೆ ಹೋಗಿ ‘ವೈನ್ ಐತೇನ್ರೀ?’ ಎಂದು ಕೇಳಿದರೆ ಕೌಂಟರ್ ಹಿಂದಿನ ಹುಡುಗ ಒಂದು ಗಳಿಗೆ ತಡವರಿಸುತ್ತಾನೆ. ವಿಸ್ಕಿ, ರಮ್, ಬ್ರಾಂಡಿ, ಬಿಯರ್ ಎಲ್ಲವೂ ಕೈಗೆಟುಕುವಲ್ಲೇ ಇರುತ್ತವೆ. ವೈನ್ ಮಾತ್ರ ಮೇಲಿನ ಹಲಗೆಯ ಮೂಲೆಯಲ್ಲಿ ಧೂಳು ಹೊದ್ದು ನಿಂತ ಒಂದೆರಡು ಬಾಟಲಿ. ಅದೂ ನೆಟ್ಟಗೆ, ಟ್ಯೂಬ್‌ಲೈಟಿನ ಕೆಳಗೆ, ನಲವತ್ತು ಡಿಗ್ರಿ ಸೆಖೆಯಲ್ಲಿ.

ಬೋರ್ಡಿನ ಮೇಲೆ ಹೆಸರಿದ್ದು, ಅಂಗಡಿಯೊಳಗೆ ವಸ್ತುವೇ ಇಲ್ಲದಂಥ ಸ್ಥಿತಿ ಇದು. ನಮ್ಮ ಕಡೆ ವೈನ್ ಎಂಬ ಮಾತು ಸಾರಾಯಿ, ವಿಸ್ಕಿಗಳ ಸಾಲಿಗೆ ಸೇರಿ ತನ್ನ ಅರ್ಥವನ್ನೇ ಕಳೆದುಕೊಂಡಿದೆ. ಅದು ಮೂಲದಲ್ಲಿ ಹಣ್ಣಿನ ಮಾತು, ತೋಟದ ಮಾತು. ಅದನ್ನು ಬಾರ್ ಕೌಂಟರಿನಿಂದ ಬಿಡಿಸಿ ತೋಟದ ಕಡೆಯಿಂದ ನೋಡಿದರೆ ಬಳ್ಳಾರಿ, ಕುರುಗೋಡು, ಸಿರುಗುಪ್ಪದ ನೆಲದಲ್ಲಿ ಬೇರೆಯದೇ ಕಥೆ ಸಿಗುತ್ತದೆ.

ಒಂದು ಹಣಕ್ಕೆ ಮೂರು ಗೊಂಚಲು

ಕಥೆ ಶುರುವಾಗುವುದು ಹಂಪಿಯಲ್ಲಿ. 1520ರ ಆಸುಪಾಸಿನಲ್ಲಿ, ಕೃಷ್ಣದೇವರಾಯನ ಕಾಲಕ್ಕೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಊರ ಸುತ್ತಲಿನ ತೋಪುಗಳನ್ನು ಬಣ್ಣಿಸುತ್ತ ಮಾವು, ಅಡಿಕೆ, ಹಲಸು, ನಿಂಬೆ, ಕಿತ್ತಳೆಗಳ ನಡುವೆ ಬಿಳಿ ದ್ರಾಕ್ಷಿಯನ್ನೂ ಹೆಸರಿಸುತ್ತಾನೆ. ಪೇಟೆಯ ದರವನ್ನೂ ಬರೆದಿಟ್ಟಿದ್ದಾನೆ: ಒಂದು ಹಣಕ್ಕೆ (ಹಣ ಅಂದಿನ ನಾಣ್ಯ) ಮೂರು ಗೊಂಚಲು ದ್ರಾಕ್ಷಿ, ಅದೇ ಒಂದು ಹಣಕ್ಕೆ ಹತ್ತು ದಾಳಿಂಬೆ. ಈ ಲೆಕ್ಕ ಸಾಕಷ್ಟು ಹೇಳುತ್ತದೆ. ದಾಳಿಂಬೆ ಈ ನೆಲದ ಸಲೀಸು ಹಣ್ಣು, ದ್ರಾಕ್ಷಿ ಆರೈಕೆ ಬೇಡುವ ತುಟ್ಟಿ ಹಣ್ಣು. ಐನೂರು ವರ್ಷದ ಮೇಲೂ ರೈತನಿಗೆ ಇವೆರಡರ ನಡುವಿನ ವ್ಯತ್ಯಾಸ ಹೆಚ್ಚೇನೂ ಬದಲಾಗಿಲ್ಲ.

ಪಾಯೆಸ್‌ನ ಈ ಬರಹವನ್ನು ಇಂಗ್ಲಿಷಿಗೆ ತಂದು 1900ರಲ್ಲಿ ಲೋಕಕ್ಕೆ ಓದಿಸಿದ ರಾಬರ್ಟ್ ಸಿವೆಲ್ ಬಳ್ಳಾರಿಯಲ್ಲಿ ಕಲೆಕ್ಟರ್ ಆಗಿದ್ದವನು. ‘ಎ ಫರ್ಗಾಟನ್ ಎಂಪೈರ್’ ಎಂಬ ಅವನ ಪುಸ್ತಕದಿಂದಲೇ ಹಂಪಿಯ ಬಜಾರಿನ ದ್ರಾಕ್ಷಿ ದರ ಮತ್ತೆ ಬೆಳಕಿಗೆ ಬಂತು. ಹೀಗಾಗಿ ನಮ್ಮ ದ್ರಾಕ್ಷಿಯ ಚರಿತ್ರೆಗೂ ಬಳ್ಳಾರಿಯ ಕಚೇರಿಗೂ ಒಂದು ನಂಟಿದೆ.

ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಕುರುಗೋಡಿನ ದಾರಿ ಹಿಡಿಯಬೇಕು. ಬಂಡೆಗುಡ್ಡಗಳ ಮಡಿಲಲ್ಲಿ, ದೊಡ್ಡ ಬಸವೇಶ್ವರನ ಭಾರೀ ನಂದಿಯ ನೆರಳಲ್ಲಿರುವ ಈ ಊರು ಒಂದು ಕಾಲಕ್ಕೆ ಸಿಂದ ಅರಸರ ರಾಜಧಾನಿ. ಅವರು ಕಲ್ಯಾಣದ ಚಾಲುಕ್ಯರ ಮಾಂಡಲಿಕರು. ಆ ಚಾಲುಕ್ಯರಲ್ಲೇ ಒಬ್ಬನಾದ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅಡುಗೆ, ಬೇಟೆ, ಸಂಗೀತಗಳ ಜೊತೆ ಪಾನಕ್ಕೂ ಜಾಗವಿದೆ. ಅದಕ್ಕೂ ಬಹಳ ಹಿಂದೆ ಕೌಟಿಲ್ಯನ ಅರ್ಥಶಾಸ್ತ್ರ ದ್ರಾಕ್ಷಿಯ ರಸದಿಂದಾದ ಪಾನವನ್ನು ‘ಮಧು’ ಎಂದು ಬೇರೆಯಾಗಿಯೇ ಹೆಸರಿಸಿದೆ. ವೈನ್ ಎಂದರೆ ನಿನ್ನೆ ಮೊನ್ನೆ ವಿಮಾನದಲ್ಲಿ ಇಳಿದ ಸರಕು ಎಂದುಕೊಂಡವರು ಔಷಧಿ ಅಂಗಡಿಯ ದ್ರಾಕ್ಷಾಸವದ ಸೀಸೆಯನ್ನೊಮ್ಮೆ ತಿರುಗಿಸಿ ನೋಡಲಿ. ಹುದುಗುವಿಕೆಯಿಂದ ತಾನಾಗಿ ಹುಟ್ಟಿದ ಮದ್ಯಸಾರದ ಪ್ರಮಾಣ ಅದರ ಲೇಬಲ್ಲಿನ ಮೇಲೇ ಇರುತ್ತದೆ. ಅಜ್ಜಿ ಊಟವಾದ ಮೇಲೆ ಎರಡು ಚಮಚ ಕುಡಿಯುತ್ತಿದ್ದದ್ದು ಅದನ್ನೇ.

ಮೂರು ಊರು, ಎರಡು ಮಣ್ಣು

ಬಳ್ಳಾರಿಯಿಂದ ಕುರುಗೋಡಿಗೆ ಹೋಗುವಾಗ ಕೆಂಪು ಮಣ್ಣು, ಕಲ್ಲು, ಅಲ್ಲಲ್ಲಿ ಅಂಜೂರ, ದಾಳಿಂಬೆ, ಮೆಣಸಿನಕಾಯಿ. ಮುಂದೆ ಸಿರುಗುಪ್ಪದ ಕಡೆ ಹೊರಳಿದರೆ ಕಣ್ಣು ಹರಿಯುವಷ್ಟು ದೂರ ಭತ್ತ. ವಿಜಯನಗರದ ಅರಸರು ತುಂಗಭದ್ರೆಗೆ ಅಡ್ಡಗಟ್ಟಿ ತೆಗೆಸಿದ ಕಾಲುವೆಗಳು ಸಿರುಗುಪ್ಪ, ದೇಶನೂರು ಕಡೆ ಇವತ್ತಿಗೂ ಹರಿಯುತ್ತಿವೆ. ತುಂಗಭದ್ರಾ ಜಲಾಶಯದ ಕೆಳಮಟ್ಟದ ಕಾಲುವೆ ಬಂದ ಮೇಲಂತೂ ಈ ಸೀಮೆ ಸೋನಾ ಮಸೂರಿಯ ಕಣಜವಾಯಿತು.

ಸಿರುಗುಪ್ಪದ ನೀರು ನಿಲ್ಲುವ ಕಪ್ಪು ಮಣ್ಣು ಭತ್ತಕ್ಕೆ ಭಾಗ್ಯ, ದ್ರಾಕ್ಷಿಗೆ ಶಾಪ. ಬೇರು ನೀರಲ್ಲಿ ನಿಂತರೆ ಬಳ್ಳಿ ಕೊಳೆಯುತ್ತದೆ. ದ್ರಾಕ್ಷಿಗೆ ಬೇಕಾದದ್ದು ನೀರು ಬಸಿದು ಹೋಗುವ, ಸ್ವಲ್ಪ ಬಡತನದ ನೆಲ. ಬೇರು ಕಷ್ಟಪಟ್ಟು ಆಳಕ್ಕೆ ಇಳಿದರೆ ಕಾಯಿ ಸಣ್ಣದಾಗುತ್ತದೆ, ರುಚಿ ಗಟ್ಟಿಯಾಗುತ್ತದೆ. ತಿನ್ನುವ ದ್ರಾಕ್ಷಿಗೆ ದಪ್ಪ ಕಾಯಿ, ತೆಳು ಸಿಪ್ಪೆ ಚೆಂದ. ವೈನ್ ದ್ರಾಕ್ಷಿ ಇದಕ್ಕೆ ಪೂರ್ತಿ ತದ್ವಿರುದ್ಧ: ಸಣ್ಣ ಕಾಯಿ, ದಪ್ಪ ಸಿಪ್ಪೆ, ಒಳಗೆ ಬೀಜ. ಬಣ್ಣ, ಒಗರು, ಪರಿಮಳ ಬಹುಪಾಲು ಇರುವುದು ಸಿಪ್ಪೆಯಲ್ಲಿ.

ಆ ನೆಲವೂ ನಮಗೆ ದೂರವಿಲ್ಲ. ತುಂಗಭದ್ರೆ ದಾಟಿದರೆ ಕೊಪ್ಪಳ ಜಿಲ್ಲೆ. ಹಂಪಿಯ ಕಲ್ಲುಗುಡ್ಡಗಳ ಆಚೆ, ಗ್ರಾನೈಟ್ ಪುಡಿಯಾಗಿ ಆದ ಕೆಂಪು ನೆಲದಲ್ಲಿ ‘ಕೃಸ್ಮಾ ಎಸ್ಟೇಟ್ಸ್’ ಎಂಬ ವೈನ್ ತೋಟವಿದೆ. ಹೈದರಾಬಾದಿನ ಉದ್ಯಮಿ ಕೃಷ್ಣ ಪ್ರಸಾದ್ ಚಿಗುರುಪಾಟಿ ಮತ್ತು ಉಮಾ ಚಿಗುರುಪಾಟಿ ದಂಪತಿ ಕಟ್ಟಿದ್ದು. ಕ್ಯಾಬರ್ನೆ ಸೊವಿನ್ಯೋಂ, ಸಾಂಜೊವೇಸೆ, ಸಿರಾ, ಸೊವಿನ್ಯೋಂ ಬ್ಲಾಂಕ್‌ಗಳಂಥ ಯುರೋಪಿನ ತಳಿಗಳು ಅಲ್ಲಿ ಬೆಳೆಯುತ್ತವೆ. ಬಾಟಲಿಯ ಮೇಲೆ ‘ಹಂಪಿ ಹಿಲ್ಸ್’ ಎಂದು ಅಚ್ಚಾಗಿ ಅಲ್ಲಿನ ವೈನ್ ದೊಡ್ಡ ಊರುಗಳ ಹೋಟೆಲುಗಳಿಗೆ ಹೋಗುತ್ತದೆ. ಹಂಪಿಯಿಂದ ಕೂಗಳತೆಯಲ್ಲಿರುವ ನಮ್ಮ ಪೇಟೆಯ ‘ವೈನ್ಸ್’ಗಳಲ್ಲಿ ಆ ಹೆಸರು ಕೇಳಿದವರು ಕಡಿಮೆ.

ಮಲಗದ ಬಳ್ಳಿ

ಯುರೋಪಿನಲ್ಲಿ ದ್ರಾಕ್ಷಿ ಬಳ್ಳಿ ಚಳಿಗಾಲಕ್ಕೆ ಎಲೆ ಉದುರಿಸಿ ಮಲಗುತ್ತದೆ. ನಮ್ಮ ಬಿಸಿಲಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಆದ್ದರಿಂದ ರೈತ ಕತ್ತರಿ ಹಿಡಿದು ಲಯ ಕಲಿಸಬೇಕು. ವಿಜಯಪುರ, ಬಾಗಲಕೋಟೆ ಕಡೆಯವರು ಬಳ್ಳಿ ಸವರುವ ಈ ಕೆಲಸವನ್ನು ‘ಚಾಟ್ನಿ’ ಎನ್ನುತ್ತಾರೆ. ಏಪ್ರಿಲ್ ಚಾಟ್ನಿ ಬಳ್ಳಿಯ ಕಡ್ಡಿ ಬಲಿಯಲು, ಅಕ್ಟೋಬರ್ ಚಾಟ್ನಿ ಹೂ ಕಾಯಿಗೆ. ಫೆಬ್ರುವರಿ, ಮಾರ್ಚ್ ಹೊತ್ತಿಗೆ ಕೊಯ್ಲು. ನಡುವೆ ಒಂದು ಅಕಾಲ ಮಳೆ ಬಿದ್ದರೆ ಬೂಜು ರೋಗ, ಕಾಯಿ ಒಡೆತ, ವರ್ಷದ ದುಡಿಮೆ ನೀರುಪಾಲು. ಅಲ್ಲಿನ ಥಾಮ್ಸನ್ ಸೀಡ್‌ಲೆಸ್ ತಳಿಯ ಹಣ್ಣು ಬಹುಪಾಲು ಶೆಡ್ಡುಗಳಲ್ಲಿ ಒಣಗಿ ಒಣದ್ರಾಕ್ಷಿಯಾಗುತ್ತದೆ.

ದಕ್ಷಿಣದಲ್ಲಿ ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರದ ಕಡೆ ‘ಬೆಂಗಳೂರು ನೀಲಿ’ಯ ರಾಜ್ಯಭಾರ. ಅಮೆರಿಕ ಮೂಲದ ಲ್ಯಾಬ್ರುಸ್ಕಾ ಜಾತಿಯ ಈ ಹಣ್ಣಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಬಾಯಿಗಿಟ್ಟರೆ ಸಿಪ್ಪೆ ಒಂದು ಕಡೆ, ತಿರುಳು ಒಂದು ಕಡೆ ಜಾರುವ, ಮೂಗಿಗೆ ಘಮ್ಮೆನ್ನುವ ಕಪ್ಪು ದ್ರಾಕ್ಷಿ ಇದೇ. ಅದೇ ನಂದಿಬೆಟ್ಟದ ಸೀಮೆಯಲ್ಲಿ, ದೊಡ್ಡಬಳ್ಳಾಪುರದ ಹತ್ತಿರ ಉದ್ಯಮಿ ಕನ್ವಲ್ ಗ್ರೋವರ್ 1988ರಲ್ಲಿ ವೈನ್ ಕಂಪನಿ ಕಟ್ಟಿ ಫ್ರಾನ್ಸಿನ ತಳಿಗಳನ್ನು ನೆಟ್ಟರು. ಕರ್ನಾಟಕದ ಮಣ್ಣಿನಲ್ಲಿ ಒಳ್ಳೆಯ ವೈನ್ ಆಗುತ್ತದೆ ಎಂಬುದನ್ನು ಆ ತೋಟ ತೋರಿಸಿತು.

ಒಂದು ಬಾಟಲಿ ವೈನಿಗೆ ಕಡಿಮೆಯೆಂದರೂ ಒಂದು ಕಿಲೋ ದ್ರಾಕ್ಷಿ ಬೇಕು. ಈ ಲೆಕ್ಕ ನೆನಪಿಟ್ಟುಕೊಳ್ಳಬೇಕು. ಗ್ಲಾಸಿನಲ್ಲಿರುವುದು ಯಾವುದೋ ಕಾರ್ಖಾನೆಯ ಸ್ಪಿರಿಟ್ಟಿಗೆ ಬಣ್ಣ ಬೆರೆಸಿದ್ದಲ್ಲ, ಯಾರೋ ಒಬ್ಬ ರೈತ ಎರಡು ಚಾಟ್ನಿ ಮಾಡಿ, ಮಳೆಗೆ ಹೆದರಿ, ಕೊಯ್ದು ತಂದ ಹಣ್ಣು.

ದಂಡು ಪ್ರದೇಶದ ಭರಣಿ

ಬಳ್ಳಾರಿಯಲ್ಲಿ ವೈನ್ ಕುರಿತ ನನ್ನ ಮೊದಲ ನೆನಪು ಅಂಗಡಿಯದಲ್ಲ, ಕಂಟೋನ್ಮೆಂಟಿನ ಒಂದು ಹಳೆಯ ಹೆಂಚಿನ ಮನೆಯದು. ನಾವೆಲ್ಲ ‘ಆಂಟಿ’ ಎನ್ನುತ್ತಿದ್ದ ಹಿರಿಯರೊಬ್ಬರು ನವೆಂಬರ್ ಕೊನೆಯಲ್ಲಿ ಕಪ್ಪು ದ್ರಾಕ್ಷಿ ತರಿಸುತ್ತಿದ್ದರು. ಉಪ್ಪಿನಕಾಯಿಗೆ ಬಳಸುವಂಥದೇ ಪಿಂಗಾಣಿ ಭರಣಿ, ಆದರೆ ಅದನ್ನು ಉಪ್ಪಿನಕಾಯಿಗೆ ಅವರು ಎಂದೂ ಮುಟ್ಟಿಸುತ್ತಿರಲಿಲ್ಲ. ತೊಳೆದು ಒರೆಸಿದ ದ್ರಾಕ್ಷಿಯನ್ನು ಕೈಯಲ್ಲೇ ಕಿವುಚಿ, ಸಕ್ಕರೆ, ಕಾಯಿಸಿ ಆರಿಸಿದ ನೀರು, ಚಿಟಿಕೆ ಯೀಸ್ಟ್, ಒಂದು ಹಿಡಿ ಗೋಧಿ, ಲವಂಗ, ಚಕ್ಕೆ. ಬಾಯಿಗೆ ತೆಳು ಬಟ್ಟೆ ಕಟ್ಟಿ ಮಂಚದ ಕೆಳಗೆ ಇಟ್ಟರೆ ಮುಗಿಯಿತು. ದಿನಾ ಬೆಳಗ್ಗೆ ಮರದ ಸೌಟಿನಿಂದ ಒಂದು ಸಲ ಕಲಕುವುದು. ಮಕ್ಕಳಾದ ನಮಗೆ ಭರಣಿಗೆ ಕಿವಿಯಿಟ್ಟು ಒಳಗಿನ ಸಣ್ಣ ಚುರುಚುರು ಸದ್ದು ಕೇಳುವುದೇ ಹಬ್ಬ. ಇಪ್ಪತ್ತೊಂದನೆಯ ದಿನಕ್ಕೆ ಸೋಸುವುದು. ಕ್ರಿಸ್‌ಮಸ್ ದಿನ ಕೇಕಿನ ತುಂಡಿನ ಜೊತೆ ಬಂದ ನೆರೆಯವರಿಗೆ ಬೆರಳುದ್ದದ ಗ್ಲಾಸಿನಲ್ಲಿ ಅಷ್ಟೇ ಅಷ್ಟು.

ಆ ಚುರುಚುರು ಸದ್ದಿನ ಹಿಂದಿರುವುದು ದೋಸೆ ಹಿಟ್ಟು ಉಬ್ಬುವಾಗಿನಂಥದೇ ಹುದುಗುವಿಕೆ. ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಕರಗಿದರೆ ಶೇಕಡ ಒಂದರಷ್ಟು ಮದ್ಯಸಾರ. ವೈನ್ ತಳಿಗಳಲ್ಲಿ ಹಣ್ಣಿನ ಸಕ್ಕರೆಯೇ ಸಾಕು. ಪೇಟೆಯ ತಿನ್ನುವ ದ್ರಾಕ್ಷಿಯಲ್ಲಿ ಅಷ್ಟಿರುವುದಿಲ್ಲ, ಹಾಗಾಗಿ ಮನೆಯವರು ಮೇಲಿಂದ ಸುರಿಯುತ್ತಾರೆ. ಮನೆಯ ವೈನ್ ಪಾನಕದಂತೆ ಸಿಹಿಯಾಗುವುದು ಇದರಿಂದಲೇ.

ಕ್ರಿಸ್‌ಮಸ್ಸಿಗೆ ಮಾಡುವುದರಲ್ಲೂ ಒಂದು ಜಾಣತನವಿದೆ. ಯೀಸ್ಟಿಗೆ ಅತಿ ಸೆಖೆ ಆಗಿಬರುವುದಿಲ್ಲ. 35 ಡಿಗ್ರಿ ದಾಟಿದರೆ ಅದು ಸೋಲುತ್ತದೆ, ಅದರ ಜಾಗಕ್ಕೆ ಹುಳಿ ಮಾಡುವ ಬ್ಯಾಕ್ಟೀರಿಯಾ ಬಂದು ಕೂರುತ್ತದೆ. ಬಳ್ಳಾರಿಗೆ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ನಾವೇ ತಮಾಷೆ ಮಾಡುತ್ತೇವಲ್ಲ, ಅದರ ನಡುವೆ ಡಿಸೆಂಬರಿನ ಮೂರ್ನಾಲ್ಕು ವಾರ ಮಾತ್ರ ಭರಣಿಗೆ ತಂಪು. ಒಮ್ಮೆ ಆಂಟಿ ಯಾರದೋ ಮದುವೆಗೆಂದು ಏಪ್ರಿಲ್ಲಿನಲ್ಲಿ ಭರಣಿ ಇಟ್ಟರು. ಹತ್ತೇ ದಿನಕ್ಕೆ ಮನೆಯೆಲ್ಲ ವಿನೆಗರ್ ವಾಸನೆ. ಇನ್ನೊಂದು ವರ್ಷ ಹುದುಗು ನಿಲ್ಲುವ ಮೊದಲೇ ಬಾಟಲಿಗೆ ಬಿಗಿ ಮುಚ್ಚಳ ಹಾಕಿದ್ದಕ್ಕೆ ನಡುರಾತ್ರಿ ಗೂಡಿನಲ್ಲಿ ಬಾಟಲಿ ಸಿಡಿಯಿತು. ಗೋಡೆಯ ಮೇಲಿನ ನೇರಳೆ ಕಲೆ ಸುಣ್ಣ ಬಳಿದರೂ ಹೋಗಲಿಲ್ಲ. ‘ಅದರ ಟೈಮ್ ಅದಕ್ಕ ಕೊಡಬೇಕಪ್ಪಾ’ ಎಂದು ನಕ್ಕಿದ್ದರು. ವೈನ್ ಬಗ್ಗೆ ನಾನು ಕೇಳಿದ ಅತ್ಯುತ್ತಮ ಮಾತು ಅದು.

ಈ ಭರಣಿಯ ಹಿಂದೆ ದಂಡಿನ, ಮಿಷನ್ನಿನ ಊರಾಗಿ ಬೆಳೆದ ಬಳ್ಳಾರಿಯ ಚರಿತ್ರೆಯಿದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದು, ಇಲ್ಲಿದ್ದುಕೊಂಡೇ ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದರು. ಕಾನಾ ಊರಿನ ಮದುವೆಮನೆಯಲ್ಲಿ ಯೇಸುವಿನ ಪವಾಡದಿಂದ ನೀರು ಮಾರ್ಪಟ್ಟದ್ದು ಏನಾಗಿ ಎಂದು ಇವತ್ತಿನ ಕನ್ನಡ ಬೈಬಲ್ ತೆರೆದು ನೋಡಿದರೆ ಸಿಗುವ ಪದ ‘ದ್ರಾಕ್ಷಾರಸ’. ‘ವೈನ್ಸ್’ ಬೋರ್ಡಿಗಿಂತ ಎಷ್ಟೋ ನಿಖರವಾದ ಮಾತು. ಹಣ್ಣು ಯಾವುದು ಎಂದು ಅದು ಮೊದಲೇ ಹೇಳಿಬಿಡುತ್ತದೆ.

ಕಾನೂನಿನ ಕಣ್ಣಲ್ಲಿ

ಇಲ್ಲಿ ಒಂದು ಕಹಿ ಸತ್ಯ ಹೇಳಲೇಬೇಕು. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಭರಣಿ ಸಣ್ಣದು, ಮಾಡಿದ್ದು ಮನೆಮಟ್ಟಿಗೆ ಎಂಬುದು ಪರವಾನಗಿಗೆ ಬದಲಾಗುವುದಿಲ್ಲ. ಕೊಡಗಿನಲ್ಲಿ ‘ಹೋಮ್‌ಮೇಡ್ ವೈನ್’ ಹೆಸರಿನ ಬಾಟಲಿಗಳು ಜೇನು, ಏಲಕ್ಕಿ ಪಕ್ಕದಲ್ಲಿ ಕಾಣುತ್ತವೆ ಎಂದ ಮಾತ್ರಕ್ಕೆ ಅದು ಸಕ್ರಮ ಎಂದುಕೊಳ್ಳಬಾರದು. ಮಾರಾಟಕ್ಕಿಟ್ಟರಂತೂ ನೇರ ಅಪರಾಧ.

ಕಾಯ್ದೆಯ ಹಿಂದಿನ ಕಾಳಜಿ ಸುಳ್ಳಲ್ಲ. ಬಳ್ಳಾರಿ 1953ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು. 1948ರ ಹೊತ್ತಿಗೆ ಆ ರಾಜ್ಯವಿಡೀ ಪಾನನಿಷೇಧ. ನಮ್ಮ ಹಿರಿಯರಲ್ಲಿ ಅನೇಕರು ಆ ನಿಷೇಧದ ನೆರಳಲ್ಲೇ ಬೆಳೆದವರು. ಹಗರಿ ದಂಡೆಯ ಈಚಲು ಮರದ ಹೆಂಡ, ಆಮೇಲೆ ಸಾರಾಯಿ ಪ್ಯಾಕೆಟ್ಟು ಎಷ್ಟು ಮನೆಗಳ ಕೂಲಿಯನ್ನು ನುಂಗಿದವು ಎಂದು ಸಿರುಗುಪ್ಪದ ಗದ್ದೆಯಲ್ಲಿ ನಾಟಿ ಮಾಡುವ ಯಾವ ಹೆಣ್ಣುಮಗಳನ್ನು ಕೇಳಿದರೂ ಹೇಳುತ್ತಾಳೆ. 2019ರ ಜನವರಿಯಲ್ಲಿ ಮದ್ಯ ನಿಷೇಧ ಬೇಕೆಂದು ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಹೆಣ್ಣುಮಕ್ಕಳು ನಡೆದು ಹೋದರು. ವೈನಿನ ಸೊಗಸು ಬರೆಯುವವನು ಆ ಹೆಜ್ಜೆಗಳನ್ನು ಮರೆತು ಬರೆಯಬಾರದು.

2007 ಇಲ್ಲಿ ಸ್ವಾರಸ್ಯದ ವರ್ಷ. ಆ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಅದೇ ವರ್ಷ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯೂ ಬಂತು. ನೀತಿ ಜಾರಿಗೆ ವೈನ್ ಬೋರ್ಡ್ ಆಯಿತು, ವೈನಿಗೆಂದೇ ಬೇರೆ ಮಳಿಗೆಗಳಿಗೆ ದಾರಿಯಾಯಿತು. ಒಂದು ಕೈಯಿಂದ ಬಾಗಿಲು ಹಾಕಿದ ಸರ್ಕಾರ ಇನ್ನೊಂದು ಕೈಯಿಂದ ಕಿಟಕಿ ತೆರೆಯಿತು ಎಂದು ಅಣಕಿಸಬಹುದು. ನನಗೆ ಕಾಣುವುದು ಬೇರೆ: ಸಾರಾಯಿಯೂ ವೈನೂ ಒಂದೇ ಅಲ್ಲ ಎಂದು ಸರ್ಕಾರ ಕಾಗದದ ಮೇಲೆ ಒಪ್ಪಿಕೊಂಡದ್ದು. ಒಂದು ಬೆಳೆಗಾರನ ಹಣ್ಣಿಗೆ ಬೆಲೆ ಕಟ್ಟುತ್ತದೆ, ಇನ್ನೊಂದು ಕೂಲಿಕಾರನ ಜೇಬಿಗೆ ಕೈ ಹಾಕುತ್ತದೆ.

ಆದರೆ ಆ ಕಿಟಕಿಯಿಂದ ಬಂದ ಬೆಳಕು ದ್ರಾಕ್ಷಿಯ ಮೇಲಷ್ಟೇ ಬಿತ್ತು. ನಮ್ಮ ಸೀಮೆಯ ಹಣ್ಣು ಅಂಜೂರ ಮತ್ತು ದಾಳಿಂಬೆ. ಅಂಜೂರದಲ್ಲಿ ‘ಬಳ್ಳಾರಿ’ ಎಂಬ ಹೆಸರಿನ ತಳಿಯೇ ಇದೆ. ಹಣ್ಣಾದ ಅಂಜೂರ ಎರಡು ದಿನ ತಾಳುವುದಿಲ್ಲ. ಬಿರುಕು ಬಿಟ್ಟ ದಾಳಿಂಬೆಯನ್ನು ವ್ಯಾಪಾರಿ ಮುಟ್ಟುವುದಿಲ್ಲ. ದಾಳಿಂಬೆ ರಸಕ್ಕೆ ಹುಳಿ, ಒಗರು, ಬಣ್ಣ ಮೂರೂ ಇವೆ, ವೈನಿಗೆ ಬೇಕಾದವೂ ಅವೇ. ಅಂಜೂರದಲ್ಲಿ ಸಕ್ಕರೆ ಹೇರಳ, ಹುಳಿ ಕಡಿಮೆ. ನಿಂಬೆಯ ನೆರವಿಲ್ಲದೆ ಅದರ ರಸ ಬೇಗ ಕೆಡುತ್ತದೆ. ಬೀಸಾಡುವ ಹಣ್ಣಿಗೆ ಸಹಕಾರ ಸಂಘದ ಮಟ್ಟದಲ್ಲಿ ಇಂಥದೊಂದು ದಾರಿ ಮಾಡಿದರೆ ಉಳಿಯುವುದು ರೈತನ ದುಡ್ಡು.

ಮಿರ್ಚಿ ಊರಿನ ಗ್ಲಾಸು

ಕುಡಿಯುವವರಿಗೆ, ಅದೂ ಈಗಾಗಲೇ ಕುಡಿಯುವವರಿಗೆ ಮಾತ್ರ, ಒಂದೆರಡು ಮಾತು. ವೈನಿನಲ್ಲಿ ಮದ್ಯಸಾರ ಸಾಮಾನ್ಯವಾಗಿ ಶೇಕಡ 11ರಿಂದ 14, ನಮ್ಮ ವಿಸ್ಕಿಯಲ್ಲಿ 42.8. ‘ಕ್ವಾರ್ಟರ್’ ಲೆಕ್ಕದಲ್ಲಿ ಗಂಟಲಿಗೆ ಸುರಿದುಕೊಳ್ಳುವ ಪಾನೀಯ ಇದಲ್ಲ. ಊಟದ ಜೊತೆ, ಮಾತಿನ ಜೊತೆ, ಒಂದು ಗ್ಲಾಸಿನಲ್ಲಿ ಒಂದು ಗಂಟೆ ಕಳೆಯುವುದು ಅದರ ಗತ್ತು.

ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂದು ಪುಸ್ತಕಗಳು ಹೇಳುವುದು ಯುರೋಪಿನ ತಣ್ಣನೆಯ ಕೋಣೆಯನ್ನು ಮನಸ್ಸಿನಲ್ಲಿಟ್ಟು. ಬಳ್ಳಾರಿಯ ಕೋಣೆಯಲ್ಲಿ ಅದು ಕಷಾಯವಾಗುತ್ತದೆ. ಫ್ರಿಜ್ಜಿನಲ್ಲಿಟ್ಟು 16, 18 ಡಿಗ್ರಿಗೆ ಇಳಿಸಿದರೆ ಸರಿ. ಬಾಟಲಿ ಕೊಳ್ಳುವಾಗ ಲೇಬಲ್ಲಿನ ವರ್ಷ ನೋಡಿ. ನಮ್ಮಲ್ಲಿ ಸಿಗುವ ಬಹುಪಾಲು ವೈನ್ ಹೊಸದಾಗಿರುವಾಗಲೇ ಕುಡಿಯಬೇಕಾದದ್ದು, ಟ್ಯೂಬ್‌ಲೈಟಿನ ಕೆಳಗೆ ನಾಲ್ಕು ಬೇಸಿಗೆ ಕಂಡದ್ದು ಬೇಡ.

ಜೊತೆಗೆ ಏನು? ಒಗ್ಗರಣೆ-ಮಿರ್ಚಿಯ ಊರಿನಲ್ಲಿ ಚೀಸಿನ ಮಾತು ಯಾಕೆ? ಖಾರಕ್ಕೆ ಒಗರು ಸೇರಿದರೆ ಬಾಯಿ ಇನ್ನಷ್ಟು ಉರಿಯುತ್ತದೆ. ಆದ್ದರಿಂದ ಮಿರ್ಚಿ ಬಜ್ಜಿಗೆ ಗಡುಸು ಕೆಂಪು ವೈನ್ ಬೇಡ, ಸ್ವಲ್ಪ ಸಿಹಿಯಿರುವ, ಚೆನ್ನಾಗಿ ತಣ್ಣಗಾದ ಬಿಳಿ ವೈನ್ ಹೊಂದುತ್ತದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿಯ ಎಣ್ಣೆ ಜಿಡ್ಡಿಗೆ ಕೆಂಪು ವೈನಿನ ಒಗರು ಸರಿಯಾದ ಎದುರಾಳಿ.

ಇಷ್ಟೆಲ್ಲ ಹೇಳಿದ ಮೇಲೂ, ಮದ್ಯಸಾರದಲ್ಲಿ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ್ದನ್ನು ಮುಚ್ಚಿಡಲಾರೆ. ‘ವೈನ್ ಹೃದಯಕ್ಕೆ ಒಳ್ಳೇದು’ ಎಂಬ ನೆಪ ಇನ್ನು ಸಾಕು. ಕುಡಿಯದವರು ಕುಡಿಯಲು ಶುರು ಮಾಡಬೇಕಾದ ಕಾರಣ ಒಂದೂ ಇಲ್ಲ. ಅವರಿಗೆ ಇದೇ ದ್ರಾಕ್ಷಿ ಹಣ್ಣಾಗಿಯೂ ರಸವಾಗಿಯೂ ಸಿಗುತ್ತದೆ.

ಕೇಳಿಕೊಳ್ಳುವುದು ಇಷ್ಟೇ. ತೋಟಗಾರಿಕೆ ಮತ್ತು ಅಬಕಾರಿ ಇಲಾಖೆಗಳು ಒಂದೇ ಮೇಜಿನ ಸುತ್ತ ಕುಳಿತು ನಮ್ಮ ಸೀಮೆಯ ಅಂಜೂರ, ದಾಳಿಂಬೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ. ಹಬ್ಬಕ್ಕೆ ಒಂದು ಭರಣಿ ಇಡುವ ಮನೆಗೂ ಮಾರಾಟಕ್ಕೆ ಡ್ರಮ್ಮುಗಟ್ಟಲೆ ಕಾಯಿಸುವವನಿಗೂ ಇರುವ ಅಂತರವನ್ನು ಕಾಯ್ದೆ ಬಿಡಿಸಿ ಹೇಳಲಿ. ಅಲ್ಲಿಯವರೆಗೆ ಆಂಟಿಯ ಭರಣಿ ನೆನಪಾಗಿಯೇ ಇರಲಿ. ಮತ್ತು ವೈನ್ ಮಾರದವರು ಬೋರ್ಡಿನಿಂದ ಆ ಪದವನ್ನು ಅಳಿಸಲಿ. ಅದು ದ್ರಾಕ್ಷಿ ಬೆಳೆದವನಿಗೆ ಸೇರಿದ ಮಾತು.